ಫೋಟೋದಲ್ಲಿದ್ದ ಹೊಗೆ ಪೈಪು

"ಈ ಕಾರಲ್ಲಿ ಒಂದೇ ಒಂದು ಬೋಲ್ಟು ತಪ್ಪಿದೆ ಅಂತ ಯಾರಾದರೂ ತೋರಿಸಲಿ, ಈ ಮೀಸೆ ಬೋಳಿಸ್ತೀನಿ!"

ಹೀಗೆಂದು ನಾನು ಮೀಸೆ ತಿರುವಿದ್ದು ಹೆಂಡತಿಯ ಎದುರಿಗೆ. ಅದೇ ಮೊದಲ ತಪ್ಪು. ಅವಳು ಟೈಲರ್. ಅಳತೆಯನ್ನೂ ಮರೆಯುವವಳಲ್ಲ, ಮಾತನ್ನೂ ಮರೆಯುವವಳಲ್ಲ.

ನಾನು ಕಾರು ಮೆಕ್ಯಾನಿಕ್. ಓದಿದ್ದು ನಾಲ್ಕನೇ ಕ್ಲಾಸು, ಬಿಚ್ಚಿದ್ದು ನಾಲ್ಕು ಸಾವಿರ ಎಂಜಿನ್ನು! ಅವಳ ಸೋದರಮಾವ ಶೆಡ್ಡು ಖಾಲಿ ಮಾಡುವಾಗ ಒಂದು ಹಳೇ ರೇಸು ಕಾರಿನ ಎಲುಬಿನ ಗೂಡನ್ನು ನನಗೆ ಕೊಟ್ಟರು. ಒಬ್ಬನೇ ಕೂರುವಂಥದ್ದು. ನಾಲ್ಕು ಚಕ್ರವೂ ಮೈಯಿಂದಾಚೆ, ಮೇಲೆ ಮಡ್‌ಗಾರ್ಡಿಲ್ಲ. ಜೊತೆಗೆ ಬಿಚ್ಚಿಟ್ಟ ಅದರದೇ ಎಂಜಿನ್ನು, ಆ ಕಾರಿನ ಒಂದು ಹಳೇ ಫೋಟೋ.

ಹಳೇ ಕಾರುಗಳ ರೇಸಿಗೆ ಒಂದೇ ಕಟ್ಟಪ್ಪಣೆ: ಕಾರು ಹುಟ್ಟಿದ ವರ್ಷ ಹೇಗಿತ್ತೋ ಹಾಗೇ ಇರಬೇಕು. ಪರೀಕ್ಷಕರು ನೋಡಿ ಚೀಟಿ ಕೊಟ್ಟರೆ ಭಾನುವಾರ ಓಡಿಸಬಹುದು. ಇಲ್ಲದಿದ್ದರೆ ಶೆಡ್ಡಿನಲ್ಲೇ ಕೂತು ಬಾಯಲ್ಲಿ ಡುರ್ರ್ ಅನ್ನಬೇಕು.

ಫೋಟೋ ಗೋಡೆಗೆ ಅಂಟಿಸಿದೆ. ಕಾರಿನ ಮೇಲೆ 8 ಎಂಬ ನಂಬರು, ಪಕ್ಕದಲ್ಲಿ ಹಲ್ಲು ಕಿರಿಯುವ ಡ್ರೈವರು. ಹೆಂಡತಿ ಕಣ್ಣು ಕಿರಿದು ಮಾಡಿ ನೋಡಿದಳು.

"ರೀ, ಈತ ಹೆಂಗಸರ ಅಂಗಿ ಹಾಕ್ಕೊಂಡಿದಾನಲ್ರೀ!"

"ಏನೇ ಅದು?"

"ಗುಂಡಿ ನೋಡಿ. ಗಂಡಸರಿಗೆ ಬಲಗಡೆ ಹೊಲೀತೀವಿ. ಈತನಿಗೆ ಎಡಗಡೆ ಇದೆ."

"ನಾನು ಕಾರು ನೋಡ್ತೀನಿ, ನೀನು ಅಂಗಿ ನೋಡ್ಕೊಂಡಿರು!" ಎಂದೆ. ಎಂಥ ಗತ್ತು!

ಎಂಜಿನ್ನು ಕೂರಿಸಿದೆ. ಅದು ಹೊಗೆ ಬಿಡುವ ಬಾಯಿ ಬಲಕ್ಕೆ. ಫೋಟೋದಲ್ಲಿ ಹೊಗೆ ಪೈಪು ಎಡಕ್ಕೆ! ಮೂರು ದಿನ ತಲೆ ಕೆರೆದುಕೊಂಡೆ. ಆ ಕಾಲದ ಮಹಾನುಭಾವರ ಬುದ್ಧಿ ನಮಗೆಲ್ಲಿ ಬರಬೇಕು! ಪೈಪು ಕಾಯಿಸಿದೆ, ಬಗ್ಗಿಸಿದೆ, ಸೀಟಿನ ಕೆಳಗೆ ನುಗ್ಗಿಸಿ ಎಡಕ್ಕೆ ಹೊರತಂದೆ. ಒಂಬತ್ತು ತಿರುವು, ಎರಡು ತಿಂಗಳು!

ಮನೆ ಹಿಂದಿನ ರಸ್ತೆಯಲ್ಲಿ ಓಡಿಸಿ ನೋಡಿದೆ. ಎರಡನೇ ಸುತ್ತಿಗೆ ಸೀಟು ಕಾದ ಹೆಂಚಾಯಿತು. ಕಾರು ನಿಲ್ಲುವ ಮೊದಲೇ ನಾನು ಹೊರಗಿದ್ದೆ!

"ಏನ್ರೀ ಕುಣೀತಿದೀರಿ?"

"ಆ ಕಾಲದ ಡ್ರೈವರ್‌ಗಳು ಗಟ್ಟಿ ಜನ ಕಣೇ."

"ಎಲ್ಲಾ ಕಡೇನೂ ಗಟ್ಟಿನಾ?"

ಆದರೂ ಮತ್ತೆ ಮತ್ತೆ ಓಡಿಸಿ ನೋಡಿದೆ. ಪಾಪ, ಸುಟ್ಟ ಸೀಟಿನ ಕವರನ್ನು ಮೂರು ಸಲ ಹೊಲಿದಳು. ನನ್ನ ಪ್ಯಾಂಟನ್ನು ನಾಲ್ಕು ಸಲ.

ಶುಕ್ರವಾರ ಪರೀಕ್ಷಕರು ಬಂದರು. ವಯಸ್ಸಾದವರು, ಕೈಯಲ್ಲಿ ಭೂತಗನ್ನಡಿ. ಬೋಲ್ಟು ಬೋಲ್ಟನ್ನೂ ಮಾತಾಡಿಸಿದರು. ಸೀಟಿನ ಹೊಲಿಗೆ ನೋಡಿ, "ಭೇಷ್!" ಎಂದರು. ಆಮೇಲೆ ನೆಲದ ಮೇಲೆ ಮಲಗಿ ಕಾರಿನ ಕೆಳಗೆ ಇಣುಕಿದರು. ಬಹಳ ಹೊತ್ತು ಏಳಲಿಲ್ಲ.

"ಮೇಸ್ತ್ರಿಗಳೇ, ಇದೇನು, ಕರುಳಾ?"

"ಪೈಪು ಸಾರ್. ಫೋಟೋದಲ್ಲಿರೋ ಹಾಗೇ ಎಡಕ್ಕೆ ಬಿಟ್ಟಿದೀನಿ."

ಫೋಟೋ ನೋಡಿದರು. ಅವರೂ ತಲೆ ಕೆರೆದುಕೊಂಡರು. ಕೈಗೆ ತೆಗೆದಿದ್ದ ಚೀಟಿ ಮತ್ತೆ ಜೇಬಿಗೆ ಹೋಯಿತು. ಆಗ ಟೀ ತಂದ ಹೆಂಡತಿ ಹೇಳಿದಳು:

"ಸಾರ್, ಆ ಅಂಗಿ ಗುಂಡೀನೂ ಎಡಗಡೆನೇ ಇದೆ, ನೋಡಿ."

ಅವರು ಭೂತಗನ್ನಡಿ ಹಿಡಿದರು. ಮರುಕ್ಷಣ ಬಿದ್ದು ಬಿದ್ದು ನಕ್ಕರು. "ಅಮ್ಮಾ, ಫೋಟೋನೇ ಉಲ್ಟಾ! ನೆಗೆಟಿವ್ ತಿರುಗಿಸಿಟ್ಟು ಪ್ರಿಂಟ್ ಹಾಕಿದಾರೆ, ಬಲಗಡೆ ಇದ್ದಿದ್ದೆಲ್ಲ ಎಡಗಡೆ ಆಗಿದೆ!"

ಆ 8 ನಂಬರು! ಹೇಗೆ ತಿರುಗಿಸಿದರೂ ಎಂಟೇ! ಅದರ ಜಾಗದಲ್ಲಿ ಒಂದು 7 ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎರಡು ತಿಂಗಳ ಕರುಳು ಕಿತ್ತೆಸೆದೆ. ಬಲಕ್ಕೆ ನೇರವಾಗಿ ಒಂದು ಪೈಪು. ಅರ್ಧ ಗಂಟೆ ಕೆಲಸ! ಚೀಟಿ ಸಿಕ್ಕಿತು. ಭಾನುವಾರ ಹದಿನಾಲ್ಕು ಕಾರುಗಳಲ್ಲಿ ಹನ್ನೊಂದನೆಯವನಾಗಿ ಬಂದೆ. ಕೂತ ಜಾಗ ತಣ್ಣಗಿತ್ತು. ಇದಕ್ಕಿಂತ ಸುಖ ಬೇಕೆ?

ಮನೆಗೆ ಬಂದರೆ ಮೇಜಿನ ಮೇಲೆ ರೇಜರು ಕಾದಿತ್ತು.

"ನಾನು ಹೇಳಿದ್ದು ಬೋಲ್ಟು. ತಪ್ಪಿದ್ದು ಪೈಪು," ಎಂದು ವಾದಿಸಿದೆ.

"ಪೈಪನ್ನ ಯಾವುದರಲ್ಲಿ ಬಿಗಿದಿದ್ರಿ?"

"...ಬೋಲ್ಟಲ್ಲಿ."

ಬಚ್ಚಲ ಕನ್ನಡಿ ಮುಂದೆ ನಿಂತು ರೇಜರು ಎತ್ತಿದೆ. ಅವಳು ಓಡಿ ಬಂದು ಕಿತ್ತುಕೊಂಡಳು. ಕ್ಷಮಿಸಿಬಿಟ್ಟಳೆಂದು ನನ್ನ ಕಣ್ಣು ತುಂಬಿ ಬಂತು.

"ಕನ್ನಡಿ ನೋಡ್ಕೊಂಡು ನೀವೇನೂ ಮಾಡಬೇಡಿ, ಎಡಬಲ ತಿರುಗಾಮುರುಗಾ ಆಗುತ್ತೆ," ಎಂದಳು. "ಈ ಕಡೆ ತಿರುಗಿ, ನಾನೇ ಬೋಳಿಸ್ತೀನಿ!"