ಟೀಚರಜ್ಜಿ ಮತ್ತು ಸುಂಕದಕಟ್ಟೆಯ ನಾಲ್ಕು ಮಂದಿ

ನಿಮ್ಮ ಟೀಚರಜ್ಜಿಯ ಬಳಿ ಇಂಗ್ಲಿಷ್ ಕಲಿಯುವುದಕ್ಕಿಂತ ನಮ್ಮ ಮಲ್ಲತ್ತಹಳ್ಳಿಯಿಂದ ಇಂಗ್ಲೆಂಡಿಗೆ ನಡೆದುಕೊಂಡೇ ಹೋಗುವುದು ಸುಲಭ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಮಕ್ಕಳೇ! ಅವಳು ನಿಮ್ಮ ತಾತನ ಸ್ವಂತ ತಂಗಿ, ನನ್ನ ನಾದಿನಿ. ಮದುವೆಯ ಗೋಜಿಗೇ ಹೋಗದೆ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿಕೊಂಡಿದ್ದವಳು. ನಿಮ್ಮ ತಾತ ತೀರಿಕೊಂಡ ವರ್ಷವೇ ಅವಳಿಗೆ ನಿವೃತ್ತಿಯಾಯಿತು. ಮಾರನೇ ದಿನ ಸೂಟ್‌ಕೇಸ್ ಸಮೇತ ಬಂದು, "ಅತ್ತಿಗೆ, ನೀವೂ ಒಬ್ರೇ, ನಾನೂ ಒಬ್ಳೇ. ಯಾಕೆ ಎರಡೆರಡು ಕುಕ್ಕರು?" ಎಂದು ಒಳಗೆ ನಡೆದೇಬಿಟ್ಟಳು.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಸಿಲಿಂಡರಿನವರು ಬಂದರೂ ಬಾಗಿಲ ಮರೆಯಿಂದಲೇ ಮಾತಾಡುವವಳು. ಇಂಥವಳ ಹಜಾರವನ್ನು ಅವಳು ಶಾಲೆ ಮಾಡಿಕೊಂಡರೆ ನಾನೆಲ್ಲಿ ಹೋಗಲಿ? ಅಡುಗೆಮನೆಗೆ! ಅಲ್ಲಿಂದ ಕಂಡಷ್ಟನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಹತ್ತಿರದ ಸುಂಕದಕಟ್ಟೆಯಿಂದ ಒಂದು ಸಂಸಾರ ಅವಳನ್ನು ಹುಡುಕಿಕೊಂಡು ಬಂತು. ಮೂಲ ಬಾಗಲಕೋಟೆ ಕಡೆಯವರು. ಸೊಸೆ ನರ್ಸು, ಅವಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತ್ತು. ಜೊತೆಗೆ ಹೊರಡುವವರು ಎಲೆಕ್ಟ್ರಿಷಿಯನ್ ಗಂಡ, ಏಳು ವರ್ಷದ ಮಗಳು ಮತ್ತು ಅತ್ತೆ ಗಂಗವ್ವ. ಎಲ್ಲರ ಕಾಗದಪತ್ರವೂ ಸರಿಯಾಗಿತ್ತು, ಗಂಗವ್ವನದೊಂದು ಬಿಟ್ಟು. ವೀಸಾ ಕೊಡುವ ಮೊದಲು ಆಕೆಯನ್ನು ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಾರಂತೆ. ಗಂಗವ್ವನಿಗೆ ಬರುತ್ತಿದ್ದ ಇಂಗ್ಲಿಷು ಬಸ್ಸು, ಬಲ್ಬು ಅಷ್ಟೇ.

"ಅತ್ತಿ ಬರದಿದ್ರ ನಾನೂ ಹೋಗಂಗಿಲ್ರಿ," ಎಂದಳು ಸೊಸೆ. "ನನ್ನ ನರ್ಸಿಂಗ್ ಓದ್ಸಿದಾಕಿ ಆಕಿ. ರೊಟ್ಟಿ ಬಡದು ಮಾರಿ ಓದ್ಸ್ಯಾಳ್ರಿ. ಆಕಿನ್ನ ಬಿಟ್ಟು ಯಾ ದೇಶಕ್ಕ ಹೋಗ್ಲಿ?"

ಸೊಸೆಯೊಬ್ಬಳು ಅತ್ತೆಗಾಗಿ ಹೀಗೆ ಹಟ ಹಿಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ನಾದಿನಿ ಮಾತ್ರ ಕನ್ನಡಕ ಒರೆಸಿಕೊಳ್ಳುತ್ತಾ, "ಸರಿ, ನಾಳೆಯಿಂದ ನಾಲ್ಕೂ ಜನ ಬನ್ನಿ," ಎಂದಳು.

"ನನಗ ಇಂಗ್ಲಿಷ್ ಬರ್ತೇತಲ್ರಿ ಟೀಚರ್!" ಎಂದಳು ಸೊಸೆ.

"ನಿಮಗೆ ಬಂದ್ರೆ ಏನಮ್ಮ ಬಂತು? ಮನೇಲಿ ಮಾತಾಡೋಕೆ ಜೊತೆ ಬೇಡ್ವಾ? ಬನ್ನಿ!"

ಅವಳ ಕ್ಲಾಸಿನ ನಿಯಮಗಳನ್ನು ಕೇಳಿ. ಮಾನಿಟರ್ ಆಗಿ ನೇಮಕವಾದದ್ದು ಏಳು ವರ್ಷದ ಮೊಮ್ಮಗಳು. ಕ್ಲಾಸಿನಲ್ಲಿ ಯಾರ ಬಾಯಿಂದ ಕನ್ನಡ ಬಂದರೂ ಅವರು ಗೇಟಿನ ಹತ್ತಿರ ಹೋಗಿ, ರಸ್ತೆಯಲ್ಲಿ ಹೋಗುವ ಹತ್ತು ಜನಕ್ಕೆ "ಗುಡ್ ಈವ್ನಿಂಗ್, ಹೌ ಆರ್ ಯು" ಎನ್ನಬೇಕು. ಮೊದಲ ದಿನವೇ ಎಲೆಕ್ಟ್ರಿಷಿಯನ್ನಿಗೆ ಸೊಳ್ಳೆ ಕಚ್ಚಿ "ಅಯ್ಯೋ" ಎಂದುಬಿಟ್ಟ.

"ಅಪ್ಪಾ, ಗೇಟ್!" ಎಂದಳು ಮಾನಿಟರ್.

"ಅಯ್ಯೋ ಅನ್ನೂದು ಕನ್ನಡ ಏನಲೇ?"

"ಈಗಂದದ್ದೂ ಕನ್ನಡನ! ಇಪ್ಪತ್ತು ಮಂದಿ!"

ಆ ರಸ್ತೆಯಲ್ಲಿ ಹೋಗುವವರೆಲ್ಲ ಡೆಲಿವರಿಯವರು. ಒಬ್ಬ ಗಾಡಿ ನಿಲ್ಲಿಸಿ, "ಆರ್ಡರ್ ನಿಮ್ದೇನಾ ಗುರು?" ಎಂದು ಬಿಸಿಬಿಸಿ ಬಿರಿಯಾನಿ ಕೈಗಿಟ್ಟೇಬಿಟ್ಟ. ನಮ್ಮ ಮನೆಯ ಗೇಟಿಗೆ! ವಾಪಸು ಕೊಡುವುದನ್ನು ಇಂಗ್ಲಿಷಿನಲ್ಲೇ ಹೇಳಬೇಕೆಂದು ನಾದಿನಿ ಒಳಗಿನಿಂದ ಕೂಗಿದಳು. ಬಿರಿಯಾನಿ ಆರುವವರೆಗೂ ಅವರಿಬ್ಬರ ಮಾತು ಮುಗಿಯಲಿಲ್ಲ.

ಗೇಟಿನಲ್ಲಿ ಹೆಚ್ಚು ಹೊತ್ತು ನಿಂತದ್ದು ಮಾತ್ರ ಗಂಗವ್ವನೇ. ಎರಡು ತಿಂಗಳಲ್ಲಿ ಆಕೆ ನಮ್ಮ ಬೀದಿಗೆಲ್ಲ ಪರಿಚಯ. ನಾನು ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ, ನನಗೆ ಎದುರುಮನೆಯವರ ಹೆಸರೂ ಗೊತ್ತಿಲ್ಲ. ಆಕೆಗೆ ಅವರ ಮೊಣಕಾಲು ನೋವಿನ ತನಕ ಗೊತ್ತು, ಅದೂ ಇಂಗ್ಲಿಷಿನಲ್ಲಿ!

ಸಂದರ್ಶನಕ್ಕೆ ಹತ್ತು ದಿನ ಉಳಿದಾಗ ತಾಲೀಮು ಶುರುವಾಯಿತು. ನಾದಿನಿ ನಿಮ್ಮ ತಾತನ ಕೋಟು ತೊಟ್ಟು, ಬಾಲ್ಕನಿಯಲ್ಲಿ ನಿಂತು, ಕಿಟಕಿಯ ಸರಳುಗಳ ಆಚೆಯಿಂದ ಆಫೀಸರಾದಳು. ಊರು ಯಾವುದು, ಯಾಕೆ ಹೋಗುತ್ತಿದ್ದೀರಿ, ಎಷ್ಟು ದಿನ ಇರುತ್ತೀರಿ? ಗಂಗವ್ವ ಎಲ್ಲಕ್ಕೂ ಟಣ್ ಟಣ್ ಎಂದು ಉತ್ತರ ಕೊಟ್ಟರು. ನಾನು ಅಡುಗೆಮನೆಯಲ್ಲೇ ಹಿಗ್ಗುತ್ತಿದ್ದೆ.

"ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?"

ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಪ್ರಶ್ನೆ ಅರ್ಥ ಆಗ್ಲಿಲ್ವಾ?" ನಾದಿನಿ ಗಾಬರಿಯಲ್ಲಿ ತಾನೇ ಕನ್ನಡಕ್ಕೆ ಬಿದ್ದಳು. ಮಾನಿಟರ್ ಕೂಡ ಗೇಟ್ ಎನ್ನಲಿಲ್ಲ.

"ತಿಳದೇತ್ರಿ. ಅವ್ರ ಹೆಸರು ನಾ ಹೇಳಂಗಿಲ್ರಿ. ಅವ್ರು ಇದ್ದಾಗನ ಎಂದೂ ಹೇಳಿಲ್ಲ, ಹೋದಮ್ಯಾಲ ಹ್ಯಾಂಗ ಹೇಳ್ಲಿ?"

ಮಗ ಬೇಡಿಕೊಂಡ. ಮೊಮ್ಮಗಳು "ನಾನು ಹೇಳ್ತೀನಿ" ಎಂದು ಕುಣಿದಳು. ಒಂದೇ ಒಂದು ಹೆಸರಿಗೆ ನಾಲ್ಕು ಜನರ ಪ್ರಯಾಣ ನಿಂತುಬಿಡುವ ಹಾಗಿತ್ತು. ಗಂಗವ್ವನನ್ನು ದೂರಲು ನನಗೆ ಬಾಯಿಯೇ ಇರಲಿಲ್ಲ. ನಾನಾದರೂ ನಿಮ್ಮ ತಾತನ ಹೆಸರನ್ನು ರೇಷನ್ ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದ್ದೇನೆಯೇ ಹೊರತು ಬಾಯಿಬಿಟ್ಟು ಹೇಳಿದವಳಲ್ಲ!

ಕೊನೆಗೆ ಗಂಗವ್ವ ಮೆಲ್ಲಗೆ ಕೇಳಿದರು: "ಟೀಚರ, ಒಡಪು ಕಟ್ಟಿ ಹೇಳಿದ್ರ ನಡೀತೈತೇನ್ರಿ?"

ಒಡಪು ಎಂದರೆ ಆ ಕಡೆಯ ಹೆಂಗಸರ ಪದ್ಧತಿ. ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ. ಮದುವೆ, ಸೀಮಂತಗಳಲ್ಲಿ ಬಲವಂತ ಮಾಡಿದರೆ ಎರಡು ಸಾಲಿನ ಪದ್ಯ ಕಟ್ಟಿ, ಅದರೊಳಗೆ ಆ ಹೆಸರನ್ನಿಟ್ಟು ಹೇಳುತ್ತಾರೆ. ಬೇರೆ ಟೀಚರ್ ಆಗಿದ್ದರೆ ಬೈದು ಕಳಿಸುತ್ತಿದ್ದಳು. ನಮ್ಮವಳು ಸರಳುಗಳಿಗೆ ಮುಖ ಒತ್ತಿ, "ನಡೆಯುತ್ತೆ! ಆದ್ರೆ ಇಂಗ್ಲಿಷಲ್ಲಿ ಇರ್ಬೇಕು. ನಾನು ಕಟ್ಟಿಕೊಡಲ್ಲ, ನೀವೇ ಕಟ್ಟಿ," ಎಂದಳು.

ನಾಲ್ಕು ದಿನ ಗಂಗವ್ವ ರೊಟ್ಟಿ ತಟ್ಟುವಾಗಲೂ ಗೊಣಗುತ್ತಿದ್ದರಂತೆ. ಐದನೇ ದಿನ ಬಂದು, ತಲೆ ತುಂಬ ಸೆರಗು ಹೊದ್ದು, ಕಿಟಕಿಯ ಮುಂದೆ ನಿಂತು ಹೇಳಿದರು:

"ಮಾರ್ನಿಂಗ್ ಐ ಮೇಕ್ ರೊಟ್ಟಿ, ಈವ್ನಿಂಗ್ ಐ ಮೇಕ್ ಟೀ,
ಮಲ್ಲಪ್ಪ ಈಸ್ ಗಾಡ್ ನೌ, ಸ್ಟಿಲ್ ಹಿ ಲುಕ್ ಅಟ್ ಮೀ."

ತಪ್ಪು ತಿದ್ದಲೆಂದು ನಾದಿನಿ ಬಾಯಿ ತೆರೆದಳು. ಹಾಗೇ ಮುಚ್ಚಿದಳು.

ಸಂದರ್ಶನದ ದಿನ ಅದೇ ಪ್ರಶ್ನೆ ಬಂತು. ಗಂಗವ್ವ ಕುರ್ಚಿಯಿಂದ ಎದ್ದು ನಿಂತು, ಸೆರಗು ಹೊದ್ದು, ಎರಡೂ ಸಾಲನ್ನು ಹೇಳಿದರಂತೆ. ಪ್ರಶ್ನೆ ಕೇಳಿದಾಕೆ ಬರೆಯುವುದನ್ನು ನಿಲ್ಲಿಸಿ, ಪಕ್ಕದ ಮೇಜಿನವರನ್ನೂ ಕರೆದು, ಇನ್ನೊಮ್ಮೆ ಹೇಳಿಸಿಕೊಂಡಳಂತೆ. ಮೂರು ವಾರಕ್ಕೆ ವೀಸಾ ಬಂತು!

ಹೊರಡುವ ಹಿಂದಿನ ಸಂಜೆ ನಾಲ್ವರೂ ಕರದಂಟು ಹಿಡಿದು ಮನೆಗೆ ಬಂದರು. ನಾದಿನಿ ಚಳಿಯ ಬಗ್ಗೆ, ಕಾಲುಚೀಲದ ಬಗ್ಗೆ ಭಾಷಣ ಶುರುಮಾಡಿದ್ದಳು. ಗಂಗವ್ವ ಅದನ್ನು ನಡುವೆಯೇ ತಡೆದು, ಎದ್ದು ನಿಂತು, ತಲೆಯ ಮೇಲೆ ಸೆರಗೆಳೆದುಕೊಂಡರು. ಮತ್ತೆರಡು ಸಾಲು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅರ್ಥವಾದದ್ದು ಅರ್ಧ. ಆದರೆ ಮಲ್ಲಪ್ಪನ ಹೆಸರಿರಬೇಕಾದ ಜಾಗದಲ್ಲಿ ನಮ್ಮ ನಾದಿನಿಯ ಹೆಸರಿದ್ದದ್ದು ನನಗೂ ತಿಳಿಯಿತು.

"ಅಜ್ಜೀ, ಒಡಪು ಗಂಡಂದಷ್ಟ ಹೇಳ್ತಾರ!" ಎಂದು ಮೊಮ್ಮಗಳು ಕಿಸಕ್ಕನೆ ನಕ್ಕಳು.

"ಯಾರ ಹೆಸರು ಸುಮ್ಸುಮ್ನ ಬಾಯಾಗ ತರಬಾರದೋ, ಅವ್ರದ ಹೇಳ್ತಾರವ್ವ," ಎಂದರು ಗಂಗವ್ವ.

ನಾದಿನಿ, "ಕಾಫಿ ತರ್ತೀನಿ," ಎಂದು ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಒಳಗಿನಿಂದ ಪಾತ್ರೆಯ ಸದ್ದೂ ಇಲ್ಲ, ಒಲೆ ಹಚ್ಚಿದ ಸದ್ದೂ ಇಲ್ಲ. ಎಲ್ಲರೂ ಅಡುಗೆಮನೆಯ ಬಾಗಿಲನ್ನೇ ನೋಡತೊಡಗಿದಾಗ ನಾನು ಬಾಗಿಲ ಮರೆ ಬಿಟ್ಟು ಹಜಾರದ ನಡುವೆ ಬಂದು ಕುಳಿತೆ.

"ಕೂತ್ಕೊಳ್ಳಿ," ಎಂದೆ. "ಹಾಲು ಕಾಯ್ತಾ ಇದೆ."