ಒರಳಿಗೆ ಬಿಸಿಲು ಬಂದ್ರೇನೇ ಊಟ

ಗಾಳಿಮಳೆ ಬಂದ ಮಾರನೇ ದಿನ ಯಾರ ಮನೆ ಮುಂದೆಯೂ ನಗಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ನಾನು ಸ್ಕೂಟರ್ ಹತ್ತುತ್ತಿದ್ದೆ. ಹೆಂಚು ಹಾರಿಹೋದ ಮನೆಯವರೇ ನಗಿಸಿ ಕಳಿಸಿದರೆ ನಾನೇನು ಮಾಡಲಿ?

ಆಗ ನಾನು ಊರೂರು ತಿರುಗುವ ಇಂಜಿನಿಯರು. ಕಡೂರು, ತರೀಕೆರೆ, ಅಜ್ಜಂಪುರ, ಎಲ್ಲಿ ಚಾವಣಿ ಹಾಳಾದರೂ ಏಣಿ ಹತ್ತಿ ನೋಡಿ, ಪರಿಹಾರಕ್ಕೆ ಎಷ್ಟು ಹಾನಿ ಅಂತ ಹೇಳುವ ಕೆಲಸ. ದೇವನೂರಲ್ಲಿ ಬಿಸಿಲು ಹೊಡೆಯುತ್ತಿದ್ದರೆ ಅಮೃತಾಪುರದ ಕಡೆ ಆಲಿಕಲ್ಲು ಬೀಳುತ್ತಿರುತ್ತಿತ್ತು. ಈಗ ಕಡೂರಿನ ಆಫೀಸಿನಲ್ಲಿ ಕುರ್ಚಿ ಸಿಕ್ಕಿದೆ, ತಲೆ ಮೇಲೆ ಆರ್‌ಸಿಸಿ ಇದೆ. ಆರ್‌ಸಿಸಿ ಕೆಳಗೆ ಕೂತವರಿಗೆ ಕಥೆ ಎಲ್ಲಿಂದ ಬರಬೇಕು? ಮೊನ್ನೆ ಸಂಜೆ ಗಾಳಿ ಎದ್ದು ಕಿಟಕಿ ಪಟಪಟ ಅಂದಾಗ ಬುಕ್ಕಾಂಬುಧಿ ಕೆರೆ ಆಚೆಯ ಆ ಸಣ್ಣ ಊರು ನೆನಪಾಗಿ, ಒಬ್ಬಳೇ ಕೂತು ನಕ್ಕೆ.

೧. ಏಣಿ ಹತ್ತಿದ್ದು

ಎರಡು ದಿನದ ಹಿಂದೆ ಭರಣಿ ಮಳೆ ಆ ಊರನ್ನು ಚೆನ್ನಾಗಿ ಜಾಡಿಸಿತ್ತು. ನಾನು ಹೋಗಿ ಏಣಿಗೆ ಕೈ ಹಾಕಿದ್ದೇ ತಡ, ಮೊದಲ ಮನೆಯ ಯಜಮಾನ ಅಡ್ಡ ನಿಂತ. "ಅಯ್ಯಯ್ಯೋ, ಹೆಣ್ಣುಮಗಳು ಮಾಡು ಹತ್ತೋದಾ? ಇಳೀರಮ್ಮಾ, ನಮ್ಮ ಹುಡುಗ್ರು ಹತ್ತಿ ನೋಡಿ ಹೇಳ್ತಾರೆ."

"ನಿಮ್ಮ ಹುಡುಗ್ರು ಹತ್ತಿದ್ರೆ ಇರೋ ಹೆಂಚೆಲ್ಲಾ ಹೋಯ್ತು ಅಂತಾರೆ. ಸರೀರಿ ಆಕಡೆ" ಅಂದು ಹತ್ತಿಯೇಬಿಟ್ಟೆ. ನನ್ನ ಬಾಯಿ ಮೊದಲಿಂದಲೂ ಹಾಗೇ.

ಮೇಲಿಂದ ನೋಡಿದರೆ ಊರಿಗೆ ಊರೇ ಕೆಳಗೆ ಸೇರಿದೆ. ಆ ಗುಂಪಿನಿಂದ ಒಬ್ಬ ಅಜ್ಜಿ ಕತ್ತೆತ್ತಿ ಕೂಗಿದಳು. "ಇಂಜಿನಿಯರಮ್ಮಾ, ಮೊದ್ಲು ನಮ್ಮನೆಗೆ ಬಾರಮ್ಮಾ! ನಮ್ಮನೆ ಯಜಮಾನ್ರು ಉಣ್ತಾ ಇಲ್ಲ!"

"ಊಟ ಮಾಡಿಸೋದು ನನ್ನ ಕೆಲಸವಾ ಅಜ್ಜಿ?"

ಇಳಿದ ಮೇಲೆ ಕೇಳಿದೆ. ಅವರ ಮಾಡಿನಲ್ಲಿ ಒಂದು ಗಾಜಿನ ಹೆಂಚಿತ್ತಂತೆ. ಅದರಿಂದ ಇಳಿದ ಬಿಸಿಲು ನಡುಮನೆಯ ಒರಳಿನ ನೇರಕ್ಕೆ ಬಂದರೆ ತಾತನಿಗೆ ಊಟದ ಹೊತ್ತು. ಅವರಪ್ಪನ ಕಾಲದಿಂದ ಹಾಗೇ. ಆಲಿಕಲ್ಲಿಗೆ ಆ ಸಾಲೆಲ್ಲ ಒಡೆದು, ನೀರು ಬೀಳದಿರಲಿ ಅಂತ ಅಕ್ಕಪಕ್ಕದವರು ಟಾರ್ಪಾಲು ಹೊದಿಸಿದ್ದರು. ಮನೆ ಗವ್ವೆನ್ನುತ್ತಿತ್ತಂತೆ. ಇಂಜಿನಿಯರು ನೋಡುವ ತನಕ ಏನನ್ನೂ ಮುಟ್ಟಬಾರದು ಅಂತ ಯಾರೋ ಹೆದರಿಸಿ ಬೇರೆ ಇಟ್ಟಿದ್ದರು.

"ಸಕ್ಕರೆ ಕಾಯ್ಲೆ ಕಣಮ್ಮಾ. ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಕೊಂಡು ಕೂತವ್ರೆ. ನಿನ್ನೆ ತಲೆ ತಿರುಗಿ ಕಂಬ ಹಿಡ್ಕೊಂಡ್ರು. ಮೋಡ ಇದ್ದ ದಿನ ಸೂರ್ಯನಿಗೆ ರಜಾ ಅಂತ ಕರೆದಾಗ ಬಂದು ಉಣ್ತಾರೆ. ಬಿಸಿಲಿದ್ದ ದಿನ ಮಾತ್ರ ಬೆಳಕು ಬರ್ದೇ ತುತ್ತು ಮುಟ್ಟಲ್ಲ."

"ಗೋಡೆ ಗಡಿಯಾರ ಇಲ್ವಾ ಅಜ್ಜಿ?"

"ಐತೆ. ಅದು ನನ್ನ ತವರುಮನೆಯಿಂದ ಬಂದಿದ್ದು. ಅದಕ್ಕೇ ನಂಬಲ್ಲ."

೨. ದೇವರು ಒಳಗವ್ರೆ

ಅಜ್ಜಿ ಮನೆಗೆ ಆಗಲೇ ಹೊರಟೆ. ಊರವರು ಬಿಟ್ಟರೆ ತಾನೇ? "ಸಾಲಾಗಿ ನೋಡ್ಕೊಂಡು ಬನ್ನಿ, ಕೊನೇ ಬೀದಿಯವರಿಗೆ ಮೊದಲಾ?" ಅಂತ ಜಗಳಕ್ಕೇ ನಿಂತರು. ಅಜ್ಜಿಯ ಮನೆ ಕೊನೇ ಬೀದಿಯಲ್ಲಿ. "ಬಂದೆ ಅಜ್ಜಿ, ಹೆಂಗಾದ್ರೂ ಮಾಡಿ ಉಣ್ಸಿ" ಅಂತ ಕಳಿಸಿದೆ. ಮನಸ್ಸು ಮಾತ್ರ ಅಲ್ಲೇ ಇತ್ತು.

ಎರಡನೇ ಮನೆಯಲ್ಲಿ ಒಡೆದಿದ್ದು ಸರಿಯಾಗಿ ದೇವರ ಮನೆ ಮೇಲಿನ ಹೆಂಚು. ಕಾಲಿಡಬೇಕು, ಅಷ್ಟರಲ್ಲಿ ಕೆಳಗಿಂದ ಕೂಗು. "ಅಮ್ಮಾ, ಅಲ್ಲಿ ತುಳೀಬ್ಯಾಡ್ರೀ! ಕೆಳಗೆ ದೇವರು!"

"ಮತ್ತೆ ಹಾರ್ಕೊಂಡು ನೋಡ್ಲೇನ್ರೀ?"

ಮನೆಯವರೆಲ್ಲ ಗುಸುಗುಸು ಮಾತಾಡಿಕೊಂಡರು. ಆಮೇಲೆ ಲಿಂಗ, ಬಸವಣ್ಣ, ಪಟಗಳು, ದೀಪ, ಎಲ್ಲವನ್ನೂ ಹೊರಗೆ ತಂದು ಹೊಂಗೆಮರದ ಕೆಳಗೆ ಮಣೆ ಹಾಕಿ ಕೂರಿಸಿದರು. "ಈಗ ಹತ್ತಿ, ಒಳಗೆ ಯಾರೂ ಇಲ್ಲ" ಅಂದ ಯಜಮಾನ.

ನಾನು ಮಾಡಿನ ನಡುವಿಗೆ ಹೋಗಿ ಫೋಟೋ ತೆಗೆಯುವಷ್ಟರಲ್ಲಿ ದಪ್ಪ ದಪ್ಪ ಹನಿ ಶುರುವಾಯಿತು. ಕೆಳಗೆ ಹಾಹಾಕಾರ. ಒಬ್ಬರು ಲಿಂಗ ಎತ್ತಿಕೊಂಡರು, ಒಬ್ಬರು ದೀಪ ಎತ್ತಿಕೊಂಡರು, ಎಲ್ಲರೂ ಒಳಗೆ ಓಡಿದರು. ಏಣಿ ಹಿಡಿಯುವವರಿಲ್ಲ. "ರೀ, ನಾನು ಇಳೀಬೇಕು ಕಣ್ರೀ!" ಅಂತ ಕಿರುಚಿದೆ.

ಒಳಗಿಂದ ಯಜಮಾನನ ದನಿ ಬಂತು. "ಅಮ್ಮಾ, ಇದ್ದಲ್ಲೇ ಇರಿ, ಕಾಲು ಮಾತ್ರ ಎತ್ತಿಡಬ್ಯಾಡಿ! ದೇವರು ವಾಪಸ್ ಒಳಗೆ ಬಂದವ್ರೆ!"

೩. ಹಾರಿ ಬಂದ ಶೀಟು

ಮಳೆಗೆ ಅಂದಿನ ಕೆಲಸ ನಿಂತುಹೋಗಿ, ಮಾರನೇ ದಿನ ನೆಗಡಿ ಹಿಡಿದ ಮೂಗಿನಲ್ಲಿ ನಡುಬೀದಿಗೆ ಹೋದೆ. ಮೇಲಿನ ಮನೆಯವನ ಕೊಟ್ಟಿಗೆಯ ತಗಡಿನ ಶೀಟು ಗಾಳಿಗೆ ಹಾರಿ, ಕೆಳಗಿನ ಮನೆಯವನ ಒಡೆದ ಹೆಂಚಿನ ಮೇಲೆ ಅಳತೆ ತಗೊಂಡು ಹಾಕಿದ ಹಾಗೆ ಕೂತುಬಿಟ್ಟಿತ್ತು.

"ನನ್ನ ಶೀಟು ಕೊಡ್ಸಿ ಮೇಡಂ" ಅಂದ ಮೇಲಿನವನು.

"ನಾನೇನು ಕಿತ್ಕೊಂಡು ಬಂದ್ನಾ? ತಾನಾಗೇ ಬಂದು ಕೂತದೆ. ಮನೆಗೆ ಬಂದೋರನ್ನ ಎಬ್ಬಿಸಿ ಕಳ್ಸೋದು ನಮ್ಮ ವಂಶದಲ್ಲೇ ಇಲ್ಲ" ಅಂದ ಕೆಳಗಿನವನು.

ನನಗೆ ರೇಗಿತು. "ಸರಿ, ಶೀಟು ನಿಮ್ಮದೇ ಇಟ್ಕೊಳಿ. ಹಂಗಾದ್ರೆ ನಿಮ್ಮ ಚಾವಣಿ ನೆಟ್ಟಗಿದೆ. ಹಾನಿ ಏನೂ ಇಲ್ಲ ಅಂತ ಹೇಳ್ಬಿಡ್ತೀನಿ" ಅಂದೆ.

ಅವನ ಮುಖ ಬಾಡಿತು. ಒಂದು ನಿಮಿಷ ತಲೆ ಕೆರೆದುಕೊಂಡು ಕೂಗಿದ. "ಲೇ, ಬಂದು ನಿನ್ನ ಶೀಟು ತಗೊಂಡು ಹೋಗೋ!"

ಮೇಲಿನವನಿಗೂ ಅಷ್ಟರಲ್ಲಿ ಲೆಕ್ಕಾಚಾರ ಹೊಳೆದಿತ್ತು. "ಅಲ್ಲೇ ಇರ್ಲಿ ಬಿಡಣ್ಣಾ. ನನಗೇನು ಅರ್ಜೆಂಟಿಲ್ಲ" ಅಂದ. ನಾನು ಆ ಬೀದಿ ಬಿಡುವಾಗ ಶೀಟು ಇಬ್ಬರಿಗೂ ಬೇಡವಾಗಿ ರಸ್ತೆ ಮಧ್ಯೆ ಬಿದ್ದಿತ್ತು. ಅದರ ಮೇಲೆ ಯಾರದೋ ಮೇಕೆ ಮಲಗಿತ್ತು.

೪. ಕೊನೇ ಬೀದಿ

ಅಂದು ಅಜ್ಜಿ ಕಾಣಿಸಲೇ ಇಲ್ಲ. ತಾತನಿಗೆ ಏನಾದರೂ ಆಯಿತೇನೋ ಅಂತ, "ಸಾಲು ಪಾಲು ಎಲ್ಲ ಆಮೇಲೆ" ಅಂದು ಕೊನೇ ಬೀದಿಗೆ ಓಡಿದೆ.

ಅಜ್ಜಿ ಹಿತ್ತಿಲ ಬಾಗಿಲಲ್ಲಿ ಸುಡುಬಿಸಿಲಿಗೆ ನಿಂತಿದ್ದಳು. ಕೈಯಲ್ಲಿ ಒಂದು ಹಿತ್ತಾಳೆ ತಟ್ಟೆ. ನನ್ನನ್ನು ಕಂಡು ತುಟಿ ಮೇಲೆ ಬೆರಳಿಟ್ಟಳು. ಆಮೇಲೆ ತಟ್ಟೆಯನ್ನು ಸೂರ್ಯನಿಗೆ ಹಿಡಿದು ಹಾಗೆ ಹೀಗೆ ಓರೆ ಮಾಡಿದಳು. ಕತ್ತಲೆಯ ನಡುಮನೆಯಲ್ಲಿ ಒಂದು ಬೆಳಕಿನ ಚೂರು ಗೋಡೆ ಮೇಲೆ ಓಡಾಡಿ, ಕಂಬ ಸವರಿ, ಕೊನೆಗೆ ಬಂದು ಒರಳಿನ ಪಕ್ಕ ಕೂತಿತು.

"ರೀ, ಬಿಸಿಲು ಬಂತೇನ್ರೀ?" ಅಂತ ಏನೂ ಅರಿಯದವಳ ಹಾಗೆ ಕೂಗಿದಳು.

"ಬಂತು ಕಣೇ, ಬಡಿಸು" ಅಂದರು ತಾತ ಒಳಗಿಂದ.

ತಾತ ಮುದ್ದೆ ಮುರಿದು ಬಾಯಿಗಿಟ್ಟ ಮೇಲೆಯೇ ನನಗೆ ಉಸಿರು ಬಂದಿದ್ದು. ಅಜ್ಜಿ ಪಿಸುಗುಟ್ಟಿದಳು. "ಕಣ್ಣು ಮಂಜು, ಗೊತ್ತಾಗಲ್ಲ. ನಿನ್ನೆ ಹನಿ ಬೀಳೋಕೆ ಮುಂಚೆಯೂ ಹಿಂಗೇ ಉಣ್ಸಿದೀನಿ. ತೋಳು ಬಿದ್ದೋಗ್ತದೆ ಕಣಮ್ಮಾ, ಬೇಗ ನೋಡಿ ಹೆಂಚು ಹಾಕ್ಸು."

ಹತ್ತಿ ನೋಡಿ, ಫೋಟೋ ತೆಗೆದು ಇಳಿದೆ. ಅಜ್ಜಿ ಮಜ್ಜಿಗೆ ತರಲು ಒಳಗೆ ಹೋದಾಗ ತಾತ ನನ್ನನ್ನು ಹತ್ತಿರ ಕರೆದರು.

"ಮುಗೀತೇನಮ್ಮಾ?"

"ಮುಗೀತು ತಾತ. ಇವತ್ತೇ ಗಾಜಿನ ಹೆಂಚು ಹಾಕಿಸ್ಬೋದು."

"ಇನ್ನೊಂದು ವಾರ ಹೆಂಚು ಸಿಗಲ್ಲ ಅನ್ನು."

"ಯಾಕೆ ತಾತ? ಮನೆ ಕತ್ತಲಲ್ವಾ?"

ತಾತ ಅಡುಗೆಮನೆ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಕಣ್ಣು ಮಂಜಾಗೈತೆ, ಕಿವಿ ನೆಟ್ಟಗೈತೆ. ಸೂರ್ಯ ಬಳೆ ಸದ್ದು ಮಾಡ್ಕೊಂಡು ಬತ್ತಾನೇನಮ್ಮಾ? ಮದುವೆ ಆದಾಗಿಂದ 'ಉಂಡ್ರೆ ಉಣ್ಣಿ, ಬಿಟ್ರೆ ಬಿಡಿ' ಅಂತಿದ್ದೋಳು ಇವಳು. ಈಗ ನನಗೋಸ್ಕರ ಬಿಸಿಲಲ್ಲಿ ನಿಂತವ್ಳೆ. ಆ ಸದ್ದು ಕೇಳಕ್ಕೆ ಒಂಥರಾ ಸಂತೋಷ ಆಗ್ತದೆ ಕಣಮ್ಮಾ."

ನನಗೆ ನಗು, ಕಣ್ಣಲ್ಲಿ ನೀರು ಒಟ್ಟಿಗೇ ಬಂತು. ಅಜ್ಜಿ ಮಜ್ಜಿಗೆ ಲೋಟ ಹಿಡಿದು ಬಂದಳು. "ಹೆಂಚು ಯಾವಾಗ ಹಾಕ್ಬೋದಂತಮ್ಮಾ?"

"ತರೀಕೆರೇಲೂ ಸಿಗ್ತಾ ಇಲ್ವಂತೆ ಅಜ್ಜಿ. ಒಂದು ವಾರ ಆಗ್ಬೋದು."

ಅಜ್ಜಿ ಬೈತಾಳೆ ಅಂದುಕೊಂಡೆ. ಅವಳು ತಾತನನ್ನು ಒಮ್ಮೆ ನೋಡಿದಳು, ಸೆರಗಿನಿಂದ ಬೆವರು ಒರೆಸಿಕೊಂಡಳು.

"ಆಗ್ಲಿ ಬಿಡು, ಅವಸರವೇನು" ಅಂದಳು. "ತಟ್ಟೆಗೆ ಒಸಿ ಹುಣಸೆಹಣ್ಣು ಹಾಕಿ ಉಜ್ಜಿದ್ರೆ ನಾಳೆ ಇನ್ನೂ ಚೆನ್ನಾಗಿ ಹುಟ್ತಾನೆ ಸೂರ್ಯ."