ನಮ್ಮ ಬಾಂಗಡಿಯ ಮೈಮೇಲೆ ಬಿಡಾರ ಹೂಡಿದ್ದ ಉಣ್ಣಿಯವರಿಗೊಂದು ಮನವಿ

ಗೆ,
ಮಾನ್ಯ ಉಣ್ಣಿಯವರು,
ಹಿಂದಿನ ವಿಳಾಸ: ನಮ್ಮ ನಾಯಿ ಬಾಂಗಡಿಯ ಮೈ,
ಹಾಲಿ ವಾಸ: ನಮ್ಮ ಬಾಡಿಗೆ ಖೋಲಿಯ ಗೋಡೆಯ ಬಿರುಕು, ಕಾಣಕೋಣ, ಗೋವಾ.

ಮಾನ್ಯರೇ,

ತಮಗೂ, ತಾವು ಒಂದೇ ಹೆರಿಗೆಯಲ್ಲಿ ಹಡೆಯುವ ಎರಡು-ಮೂರು ಸಾವಿರ ಮಕ್ಕಳಿಗೂ ಈ ಬಡವನ ಸಾಷ್ಟಾಂಗ ನಮಸ್ಕಾರಗಳು. ಕ್ಷೇಮವೇ ಎಂದು ಕೇಳುವುದು ಪತ್ರದ ಪದ್ಧತಿ. ಆದರೆ ಬರುವಾಗ ಎಳ್ಳುಕಾಳಿನಷ್ಟಿದ್ದು ಈಗ ಔಡಲ ಬೀಜದಷ್ಟು ದುಂಡಗಾದ ತಮ್ಮ ಹೊಟ್ಟೆಯನ್ನು ಕಣ್ಣಾರೆ ಕಂಡ ಮೇಲೂ ಹಾಗೆ ಕೇಳಿದರೆ ತಮಗೆ ಅವಮಾನ ಮಾಡಿದಂತಾದೀತು. ನಮ್ಮ ಕಡೆಯ ಕ್ಷೇಮದ ಬಗ್ಗೆ ತಾವು ಕೇಳುವುದಿಲ್ಲವೆಂದು ಗೊತ್ತು, ಆದರೂ ಹೇಳುತ್ತೇನೆ.

ನಾನು ಖೀರಪ್ಪ, ವಿಜಯಪುರದ ಕಡೆಯವನು. ನನ್ನ ಹೆಂಡತಿ ರೂಪಿಬಾಯಿ ಕನ್ನಡಿ ಹಚ್ಚಿ ಹೊಲಿದ ಚೀಲಗಳನ್ನೂ ಕವಡೆಯ ಸರಗಳನ್ನೂ ಸಮುದ್ರದ ದಂಡೆಯಲ್ಲಿ ಮಾರುತ್ತಾಳೆ. ನಾನು ಅವಳ ಗಂಟು ಹೊರುತ್ತೇನೆ, ಉಳಿದ ಹೊತ್ತಿನಲ್ಲಿ ನಮ್ಮ ಸಾಲಿನ ಖೋಲಿಗಳವರಿಗೆಲ್ಲ ಅರ್ಜಿ ಬರೆದುಕೊಡುತ್ತೇನೆ. ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ನಾವು ಈ ಊರಿನ ರಹವಾಸಿಗಳು ಎಂಬ ಒಂದು ಚೀಟಿಗಾಗಿ ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ, ಚೀಟಿ ಮಾತ್ರ ಬಂದಿಲ್ಲ. ತಾವಾದರೋ ಫೋಟೋ ಇಲ್ಲದೆ, ಮನೆ ಮಾಲೀಕನ ಸಹಿ ಇಲ್ಲದೆ, ನಾಳೆ ಬಾ ಎನ್ನಿಸಿಕೊಳ್ಳದೆ, ಹುಲ್ಲಿನ ತುದಿಯಿಂದ ಒಂದೇ ಒಂದು ಹೆಜ್ಜೆ ಎತ್ತಿಟ್ಟು ಖಾಯಂ ನಿವಾಸಿಗಳಾಗಿಬಿಟ್ಟಿರಿ. ಭಲೇ! ಈ ವಿದ್ಯೆಯನ್ನು ನನಗೂ ಕಲಿಸಿಕೊಡಬೇಕೆಂಬುದು ನನ್ನ ಮೊದಲ ವಿನಂತಿ.

ತಾವು ಆರಿಸಿಕೊಂಡ ಜಾಗದ ಬಗ್ಗೆಯೂ ಎರಡು ಮಾತು. ಐದು ವರ್ಷದ ಹಿಂದೆ ಮೀನು ಮಾರುವವಳ ಬುಟ್ಟಿಯಿಂದ ಬಾಂಗಡೆ ಮೀನೊಂದನ್ನು ಕಚ್ಚಿಕೊಂಡು ಓಡಿಬಂದು ನಮ್ಮ ಮಂಚದ ಕೆಳಗೆ ಅವಿತ ಮರಿಗೆ ಬಾಂಗಡಿ ಎಂದು ಹೆಸರಿಟ್ಟವಳು ನಮ್ಮ ಮಗಳು ಲತಾ. ಮಗಳು ಮದುವೆಯಾಗಿ ಸಾವರ್ಡೆಗೆ ಹೋದ ಮೇಲೆ ರೂಪಿಬಾಯಿ ದಿನವಿಡೀ ಮಾತಾಡುವುದು ಬಾಂಗಡಿಯ ಜೊತೆಗೇ, ನನ್ನ ಜೊತೆ ಆಡುವುದು ಸಾಮಾನು ತರಲು ಹೇಳುವಷ್ಟು ಮಾತ್ರ. ಅಷ್ಟು ಪ್ರೀತಿಯಿಂದಲೇ ಅವಳು ಬಾಂಗಡಿಯ ಕೊರಳಿಗೆ ನಾಲ್ಕು ಬೆರಳು ಅಗಲದ ಪಟ್ಟಿಯೊಂದನ್ನು ಹೊಲಿದಳು: ಕೆಂಪು ಬಟ್ಟೆ, ಎರಡು ಸಾಲು ಕನ್ನಡಿ, ಅಂಚಿಗೆ ಕವಡೆ. ದಂಡೆಗೆ ಬಂದ ಪ್ರವಾಸಿಗಳು ಮೊದಲು ನಾಯಿಯ ಫೋಟೋ ತೆಗೆಯುತ್ತಾರೆ, ಆಮೇಲೆ ಚೀಲ ಕೊಳ್ಳುತ್ತಾರೆ. ಇದನ್ನು ಕಂಡ ನಾನು ಮಹಾ ಜಾಣನಂತೆ, "ಅದನ್ನ ಎಂದೂ ಬಿಚ್ಚಬ್ಯಾಡ, ಅದು ನಮ್ಮ ಅಂಗಡಿ ಬೋರ್ಡ್ ಐತಿ" ಎಂದು ಅಪ್ಪಣೆ ಕೊಡಿಸಿದೆ. ಮಳೆಗಾಲದಲ್ಲೂ ಬಿಚ್ಚಲಿಲ್ಲ.

ತಾವು ಮೊದಲು ಕಾಣಿಸಿಕೊಂಡದ್ದು ಎಡಗಿವಿಯ ಒಳಮಡಿಕೆಯಲ್ಲಿ. ಆಗ ನಾವು ತಮಗೆ ಮಾಡಿದ ಸತ್ಕಾರದಲ್ಲಿ ಯಾವ ಕೊರತೆಯನ್ನೂ ಇಟ್ಟಿಲ್ಲವೆಂದು ನಂಬಿದ್ದೇನೆ. ಪಕ್ಕದ ಖೋಲಿಯ ಟೆಂಪೋ ಚಾಲಕ ಮಕ್ತುಮಸಾಬ ಬಂದು ನೋಡಿ, "ಬೀಡಿ ಬೆಂಕಿ ತಾಗಸ್ರಿ, ತಾನ ಬಿಟ್ಟ ಓಡತೈತಿ" ಎಂದ, ತಾಗಿಸಿದೆ. ತಾವು ಓಡಲಿಲ್ಲ, ನಾಯಿ ಓಡಿತು. ಮರುದಿನ ಅವನೇ ಒಂದು ಮುಚ್ಚಳ ಡೀಸೆಲ್ ತಂದುಕೊಟ್ಟ, ಸುರಿದೆ. ಬಾಂಗಡಿಯ ಕಿವಿ ಸುಟ್ಟಂತೆ ಕೆಂಪಾಯಿತು, ತಾವು ಸ್ನಾನ ಮುಗಿಸಿದವರಂತೆ ಇನ್ನೂ ಹೊಳೆದಿರಿ. ಕೊನೆಗೆ ಉಗುರಿನಿಂದ ತಿರುವಿ ಕಿತ್ತೆ. ತಮ್ಮ ಬಂಧುವೊಬ್ಬರ ಹೊಟ್ಟೆ ನನ್ನ ಕೈಗೆ ಬಂತು, ಬಾಯಿ ಅಲ್ಲೇ ಉಳಿಯಿತು. ಅಂದಿನಿಂದ ನಾನು ಕೈ ಚಾಚಿದರೆ ಬಾಂಗಡಿ ಮಂಚದ ಕೆಳಗೆ ಸೇರುತ್ತಿದ್ದಳು.

ಅದಾದ ಎಂಟು ದಿನಕ್ಕೆ ಬಾಂಗಡಿ ಊಟ ಬಿಟ್ಟಳು. ಮೀನಿನ ತಲೆ ಇಟ್ಟರೂ ಮೂಸಲಿಲ್ಲ, ಮೈ ಕಾದ ಹಂಚಾಗಿತ್ತು, ಒಸಡು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ರೂಪಿಬಾಯಿ ದಂಡೆಗೆ ಹೋಗುವುದನ್ನು ನಿಲ್ಲಿಸಿದಳು. ಮಕ್ತುಮಸಾಬನ ಟೆಂಪೋದಲ್ಲಿ ದನದ ದವಾಖಾನೆಗೆ ಒಯ್ದೆವು. ಡಾಕ್ಟರಬಾಯಿ ಇದು ಉಣ್ಣಿಯಿಂದ ಬರುವ ಜ್ವರ, ನೆತ್ತರು ಬಹಳ ಇಳಿದಿದೆ, ಉಳಿದರೂ ಉಳಿದೀತು ಎಂದರು. ಬೀಡಿ, ಡೀಸೆಲ್ ಕಥೆ ಕೇಳಿ ಹಿಂದಿ ಕೊಂಕಣಿ ಎರಡರಲ್ಲೂ ಬೈದರು: ಹಾಗೆ ಹಿಂಸೆ ಕೊಟ್ಟರೆ ತಾವು ಹೊಟ್ಟೆಯಲ್ಲಿದ್ದ ರೋಗವನ್ನೆಲ್ಲ ನಾಯಿಯ ನೆತ್ತರಿಗೇ ಕಕ್ಕುತ್ತೀರಂತೆ. ಆಮೇಲೆ ಕತ್ತರಿ ತೆಗೆದುಕೊಂಡು ಕೊರಳ ಪಟ್ಟಿಯನ್ನು ಕತ್ತರಿಸಿದರು.

ಮಾನ್ಯರೇ, ಅಲ್ಲಿ ತಮ್ಮ ಇಡೀ ಮನೆತನವಿತ್ತು. ಬಿಸಿಲು ತಾಗದ, ಗಾಳಿ ಬೀಸದ, ಕನ್ನಡಿಯ ಛಾವಣಿಯ, ಕವಡೆಯ ಅಂಚಿನ ಆ ಬಂಗಲೆಯಲ್ಲಿ ಮೂವತ್ತೊಂದು ಜನ ಸಾಲಾಗಿ ಕೂತು ಉಣ್ಣುತ್ತಿದ್ದಿರಿ. ನಾನೋ ನಾಯಿಯ ಕಿವಿಯ ಹತ್ತಿರ ಬೀಡಿ ಹಿಡಿದು ಕೂತಿದ್ದೆ! ರೂಪಿಬಾಯಿ ಪಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಮೂರ ಸಲ ಬಿಚ್ಚೂಣು ಅಂದೆ, ಮೂರೂ ಸಲ ನೀವ ಬ್ಯಾಡ ಅಂದ್ರಿ" ಎಂದಳು, ಅಷ್ಟೇ. ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ಆದ್ದರಿಂದ ತಮ್ಮ ಬೀಳ್ಕೊಡುಗೆಯ ಶಾಸ್ತ್ರವನ್ನು ಈಗ ಕ್ರಮಬದ್ಧವಾಗಿ ನೆರವೇರಿಸುತ್ತಿದ್ದೇವೆ. ಡಾಕ್ಟರಬಾಯಿ ತೋರಿಸಿದ್ದು ಒಂದೇ ಸಲ. ರೂಪಿಬಾಯಿ ಮಣಿ ಎತ್ತುವ ತನ್ನ ಸಣ್ಣ ಚಿಮಟ ತೆಗೆದು, ಚರ್ಮಕ್ಕೆ ತಾಗುವಂತೆ ತಮ್ಮ ಬಾಯಿಯ ಬುಡದಲ್ಲೇ ಹಿಡಿದು, ತಿರುವದೆ, ಹೊಟ್ಟೆ ಹಿಸುಕದೆ, ನೆಟ್ಟಗೆ ಮೇಲಕ್ಕೆ ನಿಧಾನ ಎಳೆದು, ಸೋಪಿನ ನೀರಿನ ಬಾಟಲಿಯಲ್ಲಿ ತಮಗೆ ಜಲಸಮಾಧಿ ಕೊಡುತ್ತಾಳೆ. ಆ ಜಾಗವನ್ನೂ ಕೈಯನ್ನೂ ತೊಳೆಯುತ್ತಾಳೆ. ದಿನಾ ಸಂಜೆ ಕಿವಿ, ಕಂಕುಳು, ಬೆರಳ ಸಂದಿ, ಬಾಲದ ಬುಡ ಎಲ್ಲ ಕಡೆ ತಪಾಸಣೆ. ತಮ್ಮನ್ನು ದೂರವಿಡುವ ಔಷಧಿಯನ್ನು ಡಾಕ್ಟರಬಾಯಿ ತೂಕ ನೋಡಿಯೇ ಕೊಟ್ಟಿದ್ದಾರೆ. ಹಾಸಿಗೆ ಕುದಿನೀರಿಗೆ ಹೋಗಿದೆ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಲು ನಾಳೆ ನಾನೇ ಬರುತ್ತಿದ್ದೇನೆ. ಅಷ್ಟರೊಳಗೆ ಬಾಂಗಡಿಯ ನೆತ್ತರನ್ನು ಕುಡಿದಷ್ಟೂ ಅಳೆದು ವಾಪಸು ಕೊಟ್ಟು, ನನ್ನ ಹೆಂಡತಿಯ ಮುಂದೆ ತಪ್ಪೆಲ್ಲ ತಮ್ಮದೇ ಎಂದು ಒಪ್ಪಿಕೊಂಡು ಹೋಗಬೇಕೆಂಬುದು ನನ್ನ ಎರಡನೆಯ ವಿನಂತಿ.

ಜ್ವರಕ್ಕೆಂದು ಡಾಕ್ಟರಬಾಯಿ ಕೊಟ್ಟ ಇಪ್ಪತ್ತೆಂಟು ದಿನದ ಗುಳಿಗೆಯಲ್ಲಿ ಇಂದು ಹತ್ತೊಂಬತ್ತನೆಯ ದಿನ. ಬೆಳಿಗ್ಗೆ ಬಾಂಗಡಿ ಎದ್ದು ನಿಂತು, ರೂಪಿಬಾಯಿಯ ಕೈಯಿಂದ ಮೀನಿನ ತಲೆ ತಿಂದಳು. ನನ್ನ ಕೈಯನ್ನೂ ದೂರದಿಂದ ಮೂಸಿದಳು, ಬೀಡಿಯ ವಾಸನೆ ಇದೆಯೇ ಎಂದು ಪರೀಕ್ಷಿಸಿದಳೆಂದು ಕಾಣುತ್ತದೆ. ಓಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಯಾರು ನಕ್ಕರೂ ಚಿಂತೆಯಿಲ್ಲ.

ಕೊನೆಗೆ ಒಂದು ಕೃತಜ್ಞತೆ. ದವಾಖಾನೆಯವರು ಬಾಂಗಡಿಗೆ ಹಳದಿ ಕಾರ್ಡು ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ಖೋಲಿಯ ವಿಳಾಸ ಬರೆದು, ಗುಂಡಗಿನ ಶಿಕ್ಕಾ ಒತ್ತಿದ್ದಾರೆ. ಇಪ್ಪತ್ತೆರಡು ವರ್ಷಗಳಲ್ಲಿ ನಾವು ಇಲ್ಲಿರುವುದನ್ನು ಒಪ್ಪಿಕೊಂಡ ಮೊದಲ ಕಾಗದ ಅದು. ಅದರ ಕೀರ್ತಿ ತಮಗೇ ಸಲ್ಲತಕ್ಕದ್ದು.

ತಮ್ಮ ವಿಶ್ವಾಸಿ, ಎಂದರೆ ಇನ್ನೆಂದೂ ತಮ್ಮನ್ನು ನಂಬದ,
ಖೀರಪ್ಪ

ತಾ.ಕ.: ಕತ್ತರಿಸಿದ ಪಟ್ಟಿಯನ್ನು ಕುದಿಸಿ ಒಗೆದು, ಕನ್ನಡಿ ಒರೆಸಿ ಮತ್ತೆ ಹೊಲಿದಾಗಿದೆ. ಬಾಂಗಡಿಯ ಕೊರಳು ಇನ್ನು ಬರಿದೇ ಇರುತ್ತದೆ. ಹಾಗಾದರೆ ಅಂಗಡಿಯ ಬೋರ್ಡಿನ ಗತಿಯೇನು ಎಂದು ನಾನು ಕೇಳಿದ್ದಕ್ಕೆ ರೂಪಿಬಾಯಿ, "ನಿಮ್ಮ ಕೊಳ್ಳಾಗ ಕಟಗೋರಿ, ನೆತ್ತರ ಭಾಳ ಐತಿ" ಎಂದಿದ್ದಾಳೆ. ನಾಳೆಯಿಂದ ಕಟ್ಟಿಕೊಂಡು ದಂಡೆಗೆ ಹೋಗುತ್ತಿದ್ದೇನೆ. ತಾವು ದಯವಿಟ್ಟು ಬರಬಾರದು, ನಾನಂತೂ ಅದನ್ನು ದಿನಾ ಬಿಚ್ಚುತ್ತೇನೆ.